ಹಳೆಯ ಬೆಲೆಗಳನ್ನು ಓಡಿಸಿ ನೋಡಿದ ವರ್ಷಗಳು

ಈಗ ವಾಯಿದೆ ವ್ಯಾಪಾರದ ಕಚೇರಿಗಳಿಗೆ ಸೇರುವ ಹುಡುಗ ಹುಡುಗಿಯರಿಗೆ ಹಳೆಯ ಬೆಲೆ ಎಂದರೆ ಗುಂಡಿ ಒತ್ತಿದರೆ ಪರದೆಯ ಮೇಲೆ ಬಂದು ನಿಲ್ಲುವ ಸರಕು. ನಮಗೆ ಅದು ಬಸ್ಸಿನಲ್ಲಿ ಬರುತ್ತಿತ್ತು. ಬೆಂಗಳೂರಿನ ಬಸ್ಸು ಸಕಲೇಶಪುರದ ಸ್ಟ್ಯಾಂಡಿಗೆ ಬಂದು ನಿಂತರೆ ಕಂಡಕ್ಟರು ಇಂಗ್ಲಿಷ್ ವ್ಯಾಪಾರ ಪತ್ರಿಕೆಯ ಕಟ್ಟನ್ನು ಕೆಳಗೆ ಹಾಕುತ್ತಿದ್ದರು. ಅದರ ಹಿಂಬದಿ ಪುಟದ ಒಂದು ಮೂಲೆಯಲ್ಲಿ, ಸಾಸಿವೆ ಕಾಳಿನಷ್ಟು ಚಿಕ್ಕ ಅಕ್ಷರದಲ್ಲಿ, ಲಂಡನ್ನಿನ ರೋಬಸ್ಟಾ ಕಾಫಿಯ ಬೆಲೆ ಇರುತ್ತಿತ್ತು. ಮಳೆಗೆ ಪತ್ರಿಕೆ ನೆನೆದಿದ್ದರೆ ಅದನ್ನು ಹಂಡೆ ಒಲೆಯ ಹತ್ತಿರ ಒಣಗಿಸಿ ಆಮೇಲೆ ಓದಬೇಕಿತ್ತು. ಮೂರು ಎಂಟಾಗುವುದು, ಎಂಟು ಸೊನ್ನೆಯಾಗುವುದು ಆಗ ದಿನನಿತ್ಯದ ಮಾತು.

ನಾನು ಆಲೂರಿನವಳು. ಹಾಸನದಲ್ಲಿ ಸಂಖ್ಯಾಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿಕೊಂಡು, ಸಕಲೇಶಪುರದ ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಮೇಷ್ಟ್ರನ್ನು ಮದುವೆಯಾಗಿ, ಖಾದರ್ ಸಾಹೇಬರ ಕಾಫಿ ಮಂಡಿಗೆ ಕೆಲಸಕ್ಕೆ ಸೇರಿದೆ. ಸಾಹೇಬರದು ಅಪ್ಪನ ಕಾಲದಿಂದ ಬಂದ ವ್ಯಾಪಾರ. ಗೋದಾಮು, ಸಿಪ್ಪೆ ಬಿಡಿಸುವ ಮಿಲ್ಲು, ಒಂದೆರಡು ಲಾರಿ ಇದ್ದವು. ಬೆಳೆಗಾರರ ಹತ್ತಿರ ಒಣಗಿದ ರೋಬಸ್ಟಾ ಕೊಂಡು, ಹಸನು ಮಾಡಿ ಮಂಗಳೂರಿನ ರಫ್ತುದಾರರಿಗೆ ಮಾರುವುದು ಅವರ ಕೆಲಸ. ಸಾಹೇಬರು ಓದಿದ್ದು ಕಡಿಮೆಯೇನಲ್ಲ, ಮೈಸೂರಿನಲ್ಲಿ ಬಿ.ಕಾಂ. ಮಾಡಿದ್ದರು. ಆದರೆ ಮಾತನಾಡುವಾಗ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ.

ನಾನು ಸೇರುವುದಕ್ಕೆ ಮೊದಲು ಬೆಳೆಗಾರರು ಕಾಫಿಯನ್ನೆಲ್ಲ ಸರ್ಕಾರದ ಪೂಲಿಗೆ, ಅಂದರೆ ಎಲ್ಲರದನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ ಕೊಟ್ಟು, ಕಂತು ಕಂತಾಗಿ ದುಡ್ಡು ಬರುವುದನ್ನು ಕಾಯುತ್ತಿದ್ದರು; ಮಂಡಿಗೆ ಕಾಫಿಯಲ್ಲಿ ಸಿಗುತ್ತಿದ್ದುದು ಮಿಲ್ಲಿನ ಕೂಲಿ ಮಾತ್ರ. ತೊಂಬತ್ತರ ದಶಕದಲ್ಲಿ ಆ ಕಟ್ಟು ಬಿಚ್ಚಿತು. ಯಾರು ಯಾರಿಗೆ ಬೇಕಾದರೂ ಮಾರಬಹುದು ಎಂದಾಯಿತು. ಬೆಳೆಗಾರರಿಗೆ ಖುಷಿ, ವ್ಯಾಪಾರಿಗಳಿಗೂ ಖುಷಿ. ಜೊತೆಗೆ ಹೊಸ ಭಯವೊಂದು ಬಂತು. ಸೋಮವಾರ ಕೊಂಡ ಕಾಫಿ ಲಾರಿ ಹತ್ತಿ ಘಾಟಿ ಇಳಿಯುವುದರೊಳಗೆ ಲಂಡನ್ನಿನಲ್ಲಿ ಬೆಲೆ ಬಿದ್ದಿರುತ್ತಿತ್ತು. ಆ ಪೆಟ್ಟು ನೇರವಾಗಿ ಸಾಹೇಬರಿಗೆ.

ಈ ಪೆಟ್ಟು ತಪ್ಪಿಸಿಕೊಳ್ಳಲು ಇರುವುದೇ ವಾಯಿದೆ. ಮುಂದಿನ ಇಂಥ ತಿಂಗಳಿಗೆ ಇಷ್ಟು ಕಾಫಿಯನ್ನು ಇಂಥ ಬೆಲೆಗೆ ಕೊಡುತ್ತೇನೆಂದು ಇವತ್ತೇ ಮಾತು ಕಟ್ಟುವುದು, ಅಷ್ಟೆ. ಗೋದಾಮಿನಲ್ಲಿ ಕಾಫಿ ಇಟ್ಟುಕೊಂಡವರು ವಾಯಿದೆ ಮಾರಿದ್ದರೆ, ಬೆಲೆ ಬಿದ್ದಾಗ ಕಾಫಿಯಲ್ಲಿ ಹೋದದ್ದು ವಾಯಿದೆಯಲ್ಲಿ ಬರುತ್ತದೆ. ಬೆಲೆ ಏರಿದರೆ ಕಾಫಿಯಲ್ಲಿ ಬಂದದ್ದು ವಾಯಿದೆಯಲ್ಲಿ ಹೋಗುತ್ತದೆ. ಮಂಗಳೂರಿನ ರಫ್ತುದಾರರಿಗೆ ಅಂಥ ವ್ಯವಹಾರಕ್ಕೆ ಅನುಮತಿ ಸಿಕ್ಕ ಮೇಲೆ, ಅವರ ಮೂಲಕ ನಾವೂ ಮಾಡಬಹುದೆಂದಾಯಿತು. ಆದರೆ ಯಾವಾಗ ಮಾರುವುದು? ಕಾಫಿ ಕೊಂಡಾಗಲೆಲ್ಲ ಮಾರುವುದೋ, ಬೆಲೆ ಬೀಳುವ ಲಕ್ಷಣ ಕಂಡಾಗ ಮಾತ್ರವೋ?

ಮಂಡಿಯಲ್ಲಿ ಕೊಡುಕೊಳ್ಳುವ ವ್ಯವಹಾರವನ್ನೆಲ್ಲ ನೋಡಿಕೊಳ್ಳುತ್ತಿದ್ದವನು ನಂಜೇಶ. ನನ್ನಷ್ಟೇ ವಯಸ್ಸು. ಚುರುಕು ಎಂದರೆ ಚುರುಕು. ಕೂತಲ್ಲಿ ಕೂರುವವನಲ್ಲ.

"ಲಕ್ಷಣ ಕಂಡಾಗ ಮಾತ್ರ ಮಾರ್ಬೇಕು ಸಾಹೇಬ್ರೆ," ಎಂದು ಅವನು ವಾದಿಸುತ್ತಿದ್ದ. "ಹೋದ ಕೆಲವು ವಾರದ ಸರಾಸರಿಗಿಂತ ಬೆಲೆ ಕೆಳಗೆ ಬಿತ್ತಾ, ಮಾರ್ಬುಡೋದು. ಮೇಲೆ ಬಂತಾ, ವಾಪಸ್ ಕೊಂಡು ಬಿಡಿಸ್ಕೊಳ್ಳೋದು. ಸುಮ್‌ಸುಮ್ನೆ ಎಲ್ಲಾ ಸಲ ಮಾರ್ತಾ ಕೂತ್ರೆ ಲಾಭ ಯಾವಾಗ ನೋಡೋದು?"

ಸಾಹೇಬರು ನನ್ನ ಕಡೆ ತಿರುಗಿದರು. "ಸರೋಜಮ್ಮಾ, ಇವನು ಹೇಳೋ ಹಂಗೆ ಹೋದ ವರ್ಷಗಳಲ್ಲಿ ಮಾಡಿದ್ರೆ ನಾವು ಏನಾಗ್ತಿದ್ವಿ ಅಂತ ಲೆಕ್ಕ ಹಾಕಿ ಹೇಳಕ್ಕೆ ಆಗುತ್ತಾ?"

ಆಗುತ್ತದೆ ಎಂದೆ. ಮುಂದಿನ ನನ್ನ ನೌಕರಿಯೆಲ್ಲ ಆ ಒಂದು ಮಾತಿನಲ್ಲಿ ಕಳೆಯಿತು. ಹಳೆಯ ಬೆಲೆಗಳ ಮೇಲೆ ಒಂದು ನಿಯಮವನ್ನು ಓಡಿಸಿ ನೋಡುವುದಕ್ಕೆ ಈಗ ಬ್ಯಾಕ್‌ಟೆಸ್ಟಿಂಗ್ ಎನ್ನುತ್ತಾರೆ. ನಾವು 'ಓಡಿಸಿ ನೋಡೋದು' ಎನ್ನುತ್ತಿದ್ದೆವು.

ಮೊದಲನೆಯ ಸಲ ಓಡಿಸಿದ್ದನ್ನು ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಮಂಡಿಯಲ್ಲಿ ಕೂಡಿಟ್ಟಿದ್ದ ಹಳೆಯ ಪತ್ರಿಕೆಗಳಿಂದ ನಂಜೇಶ ಬೆಲೆಗಳನ್ನು ಓದುತ್ತ ಹೋದ, ನಾನು ಹೊಸದಾಗಿ ಬಂದಿದ್ದ ಕಂಪ್ಯೂಟರಿಗೆ ತುಂಬುತ್ತ ಹೋದೆ. ನಿಯಮವನ್ನು ಓಡಿಸಿದರೆ ಬಂದ ಫಲಿತಾಂಶ ಕಣ್ಣು ಕುಕ್ಕುವ ಹಾಗಿತ್ತು. ಯಾವ ವರ್ಷ ನೋಡಿದರೂ ಲಾಭವೇ. ನಂಜೇಶ ಕುರ್ಚಿಯಿಂದ ಎದ್ದು ನಿಂತುಬಿಟ್ಟ. ಸಾಹೇಬರು ಖುಷಿಯಾಗಿ ಇಡೀ ಮಂಡಿಗೆ ಬಿರಿಯಾನಿ ತರಿಸಿದರು. ಮಾಂಸ ತಿನ್ನದ ನನಗೆ ಬೇರೆಯಾಗಿ ಕೇಸರಿಬಾತು ಬಂತು.

ಊಟ ಮಾಡಿ ಬಂದು ಕಾಗದಗಳನ್ನು ಮತ್ತೆ ತಿರುವಿ ಹಾಕುವಾಗ ನನಗೆ ಒಂದು ವಿಷಯ ಇರುಸುಮುರುಸು ಮಾಡಿತು. ದೊಡ್ಡ ದೊಡ್ಡ ಲಾಭಗಳೆಲ್ಲ ಕೆಲವೇ ದಿನಗಳಲ್ಲಿ ಬಂದಿದ್ದವು. ಆ ದಿನಗಳನ್ನು ನೋಡಿದರೆ, ಎಲ್ಲವೂ ಒಂದು ತಿಂಗಳ ವಾಯಿದೆ ಮುಗಿದು ಮುಂದಿನದನ್ನು ಬರೆದುಕೊಳ್ಳಲು ಶುರು ಮಾಡಿದ ದಿನಗಳು. ಜನವರಿಯ ವಾಯಿದೆಗೆ ಒಂದು ಬೆಲೆ, ಮಾರ್ಚಿನದಕ್ಕೆ ಇನ್ನೊಂದು ಬೆಲೆ. ನಾವು ಜನವರಿಯದರ ಕೆಳಗೇ ಮಾರ್ಚಿನದನ್ನು ಅಂಟಿಸಿದ್ದರಿಂದ ಆ ದಿನ ಬೆಲೆ ಜಿಗಿದ ಹಾಗೆ ಕಾಣುತ್ತಿತ್ತು. ಬೆಲೆ ಜಿಗಿದಿರಲಿಲ್ಲ. ನಾವೇ ಒಂದು ಸರಕಿನಿಂದ ಇನ್ನೊಂದು ಸರಕಿಗೆ ಜಿಗಿದಿದ್ದೆವು.

ಹೋಗಿ ಹೇಳಿದೆ. ಸಾಹೇಬರು "ಹಂಗಾದ್ರೆ ಈಗ ನಾವು ತಿಂದಿದ್ದು ಯಾವ ತಿಂಗಳ ಬಿರಿಯಾನಿ ಅಮ್ಮಾ?" ಎಂದರು. ನಂಜೇಶ ಮಾತ್ರ ನಗಲಿಲ್ಲ.

ಅಂದಿನಿಂದ ಪ್ರತಿ ತಿಂಗಳ ವಾಯಿದೆಗೂ ಬೇರೆ ಬೇರೆ ಸಾಲು ಮಾಡಿದೆವು. ಹಳೆಯದನ್ನು ಬಿಡಿಸಿಕೊಂಡು ಹೊಸದನ್ನು ಹಿಡಿಯುವುದನ್ನು, ಎರಡರಲ್ಲೂ ನಿಜವಾಗಿ ವ್ಯಾಪಾರ ನಡೆಯುತ್ತಿದ್ದ ದಿನವೇ ಮಾಡಿದೆವೆಂದು ಲೆಕ್ಕ ಹಾಕಿದೆವು. ನಿಜವಾಗಿ ವ್ಯಾಪಾರ ನಡೆದಿರಬೇಕು ಎನ್ನುವುದು ಕೂಡ ಕಲಿತ ಪಾಠವೇ. ಬಹಳ ದೂರದ ತಿಂಗಳುಗಳಿಗೂ ಪತ್ರಿಕೆಯಲ್ಲಿ ಬೆಲೆ ಇರುತ್ತಿತ್ತು. ಆ ಬೆಲೆಗೆ ಕೊಡುವವರೂ ಇರಲಿಲ್ಲ, ಕೊಳ್ಳುವವರೂ ಇರಲಿಲ್ಲ. ಈ ಕೆಲಸಕ್ಕೆ ಬರುವವರು ಇದನ್ನು ಗಮನಿಸಬೇಕು: ಅಚ್ಚಾಗಿದೆ ಎಂದ ಮಾತ್ರಕ್ಕೆ ಅದು ಬೆಲೆಯಾಗುವುದಿಲ್ಲ.

ಎರಡನೆಯ ಪಾಠ ಸಾಹೇಬರಿಂದಲೇ ಬಂತು. ತಿದ್ದಿದ ಫಲಿತಾಂಶವನ್ನು ಮುಂದಿಟ್ಟುಕೊಂಡು ಒಂದು ದಿನದ ಸಾಲಿನ ಮೇಲೆ ಬೆರಳಿಟ್ಟರು.

"ಸರೋಜಮ್ಮಾ, ಇವತ್ತಿನ ಮುಕ್ತಾಯದ ಬೆಲೆ ಸರಾಸರಿಗಿಂತ ಕೆಳಗೆ ಬಂತು, ಅದೇ ಬೆಲೆಗೆ ಮಾರಿದ್ವಿ ಅಂತ ಬರೆದಿದ್ದೀಯ. ಆ ಹೊತ್ತಲ್ಲಿ ನಂಜೇಶ ಎಲ್ಲಿದ್ದ?"

ನಂಜೇಶ ತಲೆ ಕೆರೆದುಕೊಂಡ. "ಆ ಹೊತ್ತಿಗೆ ನಾನು ಮನೇಲಿ ಮುದ್ದೆ ಉಂಡು ಮಲಗಿರ್ತೀನಿ ಸಾಹೇಬ್ರೆ."

"ಮತ್ತೆ ಮಾರಿದ್ದು ಯಾರು?"

ಲಂಡನ್ನಿನಲ್ಲಿ ಬಾಗಿಲು ಹಾಕುವಾಗ ಸಕಲೇಶಪುರ ಮಲಗಿರುತ್ತದೆ. ಅಲ್ಲಿನ ಕೊನೆಯ ಬೆಲೆ ನಮಗೆ ತಿಳಿಯುವುದು ಮಾರನೆಯ ದಿನ ಮಂಗಳೂರಿನಿಂದ ಫೋನು ಬಂದಾಗ. ಅಂದರೆ ನಾವು ಮಾರುವುದು ಮಾರನೆಯ ದಿನದ ಬೆಲೆಗೆ. ಇಷ್ಟೇ ಬದಲಾವಣೆ ಮಾಡಿ ಓಡಿಸಿದರೆ ಲಾಭದಲ್ಲಿ ದೊಡ್ಡ ತುಂಡೊಂದು ಉದುರಿಹೋಯಿತು.

ಇದರಲ್ಲೂ ನಮ್ಮ ಊರಿನದೇ ಒಂದು ತಿರುವಿತ್ತು. ಮಳೆಗಾಲದಲ್ಲಿ ಘಾಟಿಯ ಮರಗಳು ಬಿದ್ದು ಫೋನಿನ ತಂತಿ ಕಡಿದರೆ ಮಂಗಳೂರು ಸಿಗುತ್ತಲೇ ಇರಲಿಲ್ಲ. ಸಾಹೇಬರ ಅಪ್ಪಣೆಯಂತೆ ನಾನು ಜೂನಿನಿಂದ ಆಗಸ್ಟಿನವರೆಗೆ ನಮ್ಮ ವ್ಯವಹಾರ ಇನ್ನೂ ಒಂದು ದಿನ ತಡವಾಗಿ ಆಗುತ್ತದೆಂದು ಲೆಕ್ಕಕ್ಕೆ ಸೇರಿಸಿದೆ. ಆ ಕಾಗದ ನೋಡಿದ ಮಂಗಳೂರಿನ ರಫ್ತುದಾರರು ಫೋನು ಮಾಡಿ, "ಇದೇನ್ರೀ, ಲೆಕ್ಕದಲ್ಲಿ ಮಳೆ ಬಂದಿದೆ?" ಎಂದು ಕೇಳಿದರಂತೆ. "ನಮ್ಮಲ್ಲಿ ಎಲ್ಲಾದರಲ್ಲೂ ಬರುತ್ತೆ," ಎಂದು ಸಾಹೇಬರು ಹೇಳಿದರಂತೆ.

ಮೆಣಸಿನ ವಿಷಯಕ್ಕೆ ಬಂದರೆ ಅದರ ಕಥೆಯೇ ಬೇರೆ. ಕಾಫಿ ತೋಟದ ಮರಗಳಿಗೆಲ್ಲ ಮೆಣಸಿನ ಬಳ್ಳಿ ಇದ್ದೇ ಇರುತ್ತದೆ. ಮೆಣಸಿನ ವಾಯಿದೆ ಕೊಚ್ಚಿಯಲ್ಲಿ ಮೊದಲಿನಿಂದಲೂ ನಡೆಯುತ್ತಿತ್ತು. ಕೊಚ್ಚಿಯ ಬೆಲೆಗಳ ಮೇಲೆ ಓಡಿಸಿ ನೋಡಿದರೆ ಎಲ್ಲ ಸುಸೂತ್ರ. ಆದರೆ ನಾವು ಕೊಳ್ಳುವುದು ಇಲ್ಲಿಯ ಬೆಲೆಗೆ. ಕೊಚ್ಚಿಯಲ್ಲಿ ಏರಿದ ದಿನ ಇಲ್ಲಿಯೂ ಏರುತ್ತಿತ್ತೇ, ಎಷ್ಟು ದಿನ ತಡ, ಎಷ್ಟು ಕಡಿಮೆ? ಅದು ಯಾವ ಪತ್ರಿಕೆಯಲ್ಲೂ ಇರಲಿಲ್ಲ. ಬೆಳೆಗಾರರನ್ನೇ ಕೇಳೋಣವೆಂದು ನಾನೂ ನಂಜೇಶನೂ ಜೀಪು ಹತ್ತಿ ಬಿಸಿಲೆ ಕಡೆಗೆ ಹೊರಟೆವು.

ಅಲ್ಲಿ ಒಂದು ಮನೆಯ ಜಗಲಿಯಲ್ಲಿ ಕೂತು, ಮನೆಯ ಯಜಮಾನಿಯನ್ನು ಹೋದ ಸುಗ್ಗಿಯಲ್ಲಿ ಮೆಣಸು ಯಾವ ಬೆಲೆಗೆ ಹೋಯಿತೆಂದು ಕೇಳಿದೆ. ಆಕೆ ಒಂದು ಬೆಲೆ ಹೇಳಿದರು. ನಾನು ಬರೆದುಕೊಂಡೆ. ಅಷ್ಟರಲ್ಲಿ ಪಕ್ಕದ ತೋಟದವರು ಅಲ್ಲಿಗೇ ಬಂದರು. ಅವರೂ ಅದನ್ನೇ ಕೇಳಿದರು. ಆಕೆ ನನಗೆ ಹೇಳಿದ್ದಕ್ಕಿಂತ ಸಾಕಷ್ಟು ಹೆಚ್ಚಿನ ಬೆಲೆ ಹೇಳಿದರು. ಅವರು ಹೋದ ಮೇಲೆ ನಾನು ಆಕೆಯ ಮುಖ ನೋಡಿದೆ.

"ಪಕ್ಕದೋರ ಮುಂದೆ ಕಮ್ಮಿಗೆ ಕೊಟ್ವಿ ಅಂತ ಹೇಳಕ್ಕಾಯ್ತದಾ ಅಕ್ಕಾ?" ಎಂದರು ಆಕೆ, ಏನೂ ಆಗದವರಂತೆ. "ನೀವು ಮಂಡಿಯೋರು. ಜಾಸ್ತಿ ಹೇಳಿದ್ರೆ ಮುಂದಿನ ಸಲ ನೀವು ಹಿಡಿದು ಮಾತಾಡ್ತೀರ ಅಂತ ನಿಮಗೆ ಕಮ್ಮಿ ಹೇಳ್ದೆ."

"ಹಂಗಾದ್ರೆ ನಿಜವಾದ ಬೆಲೆ ಯಾವ್ದು ಅಕ್ಕಾ?" ಎಂದ ನಂಜೇಶ.

"ಅದು ನಮ್ಮ ಮನೆಯೋರಿಗೆ ಗೊತ್ತು. ನನಗೆ ಅವರು ಹೇಳೋದೂ ಬೇರೇನೇ ಇರ್ತದೆ, ಬುಡಿ."

ದಾರಿಯುದ್ದಕ್ಕೂ ನಕ್ಕುಕೊಂಡು ಬಂದೆವು. ಕೊನೆಗೆ ನಮ್ಮದೇ ಮಂಡಿಯ ಖರೀದಿ ಬಿಲ್ಲುಗಳಿಂದ ಬೆಲೆ ತೆಗೆದೆವು. ಬಾಯಿಯಿಂದ ಬಂದ ಬೆಲೆಯನ್ನು ಲೆಕ್ಕಕ್ಕೆ ಸೇರಿಸಬಾರದು, ದುಡ್ಡು ಕೈ ಬದಲಾದ ಬೆಲೆಯನ್ನು ಮಾತ್ರ ಸೇರಿಸಬೇಕು. ಮೆಣಸಿನಲ್ಲಿ ಕೊಚ್ಚಿಗೂ ಸಕಲೇಶಪುರಕ್ಕೂ ಇರುವ ಅಂತರವೇ ಕುಣಿಯುತ್ತಿದ್ದುದರಿಂದ, ಅದರ ವಾಯಿದೆಗೆ ಕೈ ಹಾಕುವುದು ಬೇಡವೆಂದು ಸಾಹೇಬರು ತೀರ್ಮಾನಿಸಿದರು. ಬೇಡ ಎಂದು ತೋರಿಸಿಕೊಟ್ಟ ಪರೀಕ್ಷೆಯೂ ಒಳ್ಳೆಯ ಪರೀಕ್ಷೆಯೇ.

ಇಷ್ಟರಲ್ಲಿ ನಂಜೇಶ ಕಂಪ್ಯೂಟರ್ ಕಲಿತುಬಿಟ್ಟಿದ್ದ. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಜಗಳ.

ಅವನ ಸರಾಸರಿಯ ನಿಯಮ ತಿದ್ದುಪಡಿಗಳ ನಂತರ ಸಪ್ಪಗಾಗಿತ್ತು. ಅದನ್ನು ಮತ್ತೆ ಹೊಳೆಯುವಂತೆ ಮಾಡಲು ಅವನು ಒಂದೊಂದೇ ಷರತ್ತು ಸೇರಿಸುತ್ತ ಹೋದ. ಸರಾಸರಿಯ ವಾರಗಳನ್ನು ಹೆಚ್ಚು ಕಡಿಮೆ ಮಾಡಿ ಯಾವುದು ಚೆನ್ನಾಗಿ ಬರುತ್ತದೋ ಅದನ್ನು ಇಟ್ಟುಕೊಂಡ. ಶುಕ್ರವಾರ ಮಾರಬಾರದು ಎಂದು ಸೇರಿಸಿದ, ಫಲಿತಾಂಶ ಮೇಲೆ ಬಂತು. ಬೆಲೆ ಒಂದೇ ದಿನ ಬಹಳ ಬಿದ್ದರೆ ಕಾಯಬೇಕು ಎಂದು ಸೇರಿಸಿದ, ಇನ್ನೂ ಮೇಲೆ ಬಂತು. ಒಂದು ದಿನ ಬೆಳಿಗ್ಗೆ ಓಡಿಬಂದು ನನ್ನ ಮೇಜು ಬಡಿದ.

"ಸಿಕ್ತು ಕಣ್ರೀ ಮೇಡಂ! ಆಷಾಢದಲ್ಲಿ ಮಾರಬಾರದು. ನಷ್ಟ ಎಲ್ಲಾ ಆಷಾಢದಲ್ಲೇ ಐತೆ."

"ಲಂಡನ್ನಿಗೆ ಎಲ್ಲಿಯ ಆಷಾಢ ನಂಜೇಶ?"

"ಅದೆಲ್ಲ ನಂಗೊತ್ತಿಲ್ಲ. ಲೆಕ್ಕ ಹೇಳ್ತಾ ಐತೆ. ಲೆಕ್ಕಾನ ನೀವೇ ಕಲಿಸಿದ್ದು."

ಅವನ ನಿಯಮಕ್ಕೆ ಈಗ ಮದುವೆ ಹೆಣ್ಣಿಗೆ ಹಾಕಿದಷ್ಟು ಒಡವೆಗಳಿದ್ದವು. ನಾನು ಎಷ್ಟು ಹೇಳಿದರೂ ಅವನಿಗೆ ಹಿಡಿಸಲಿಲ್ಲ. ಇರುವ ಬೆಲೆಗಳನ್ನು ನೋಡಿಕೊಂಡೇ ಷರತ್ತು ಹೊಲಿದರೆ ಅದು ಆ ಬೆಲೆಗಳಿಗೆ ಸರಿಯಾಗಿ ಕೂತೇ ಕೂರುತ್ತದೆ, ನಾಳಿನ ಬೆಲೆಗೆ ಕೂರುತ್ತದೆ ಎನ್ನುವುದಕ್ಕೆ ಏನು ಆಧಾರ ಎನ್ನುವುದು ನನ್ನ ವಾದ. "ನಿಮಗೆ ನನ್ನ ನಿಯಮ ಗೆಲ್ಲೋದು ಇಷ್ಟ ಇಲ್ಲ, ಅಷ್ಟೆ," ಎಂದು ಅವನು ಮಾತು ಬಿಟ್ಟ. ಒಂದೇ ಕೋಣೆಯಲ್ಲಿ ಕೂತು ಫೈಲನ್ನು ಇನ್ನೊಬ್ಬರ ಕೈಯಲ್ಲಿ ಕಳಿಸುವಷ್ಟು ಬಿಗುವಾಯಿತು.

ಹುಡುಗಾಟದ ಜಗಳವಲ್ಲ ಅದು. ಮುಂದಿನ ಸುಗ್ಗಿಯಿಂದ ಸಾಹೇಬರು ಬೆಳೆಗಾರರಿಗೆ ಮುಂಚಿತವಾಗಿ ಬೆಲೆ ಗೊತ್ತು ಮಾಡಿ ಕೊಡುವ ಯೋಚನೆಯಲ್ಲಿದ್ದರು. ಕೊಯ್ಲು ಮುಗಿದು ಒಣಗುವ ಮೊದಲೇ ಬೆಲೆ ಮಾತಾಡಿಬಿಟ್ಟರೆ ಬೆಳೆಗಾರರಿಗೆ ನೆಮ್ಮದಿ, ಮಂಡಿಗೆ ಕಾಫಿ ಖಾತ್ರಿ. ಆದರೆ ಮಧ್ಯೆ ಬೆಲೆ ಬಿದ್ದರೆ ಅದನ್ನು ಹೊರುವವರು ಸಾಹೇಬರು. ನಂಜೇಶನ ನಿಯಮವನ್ನು ನಂಬಿಕೊಂಡು, ಅದು ಹೇಳಿದಾಗ ಮಾತ್ರ ವಾಯಿದೆ ಮಾರಿದರೆ ಲಾಭ ಬಹಳ. ನಿಯಮ ಕೈ ಕೊಟ್ಟರೆ ಮಂಡಿಯೇ ಇರುವುದಿಲ್ಲ. ಮಿಲ್ಲಿನಲ್ಲಿ ಕಾಫಿ ಆರಿಸುವ ಹೆಂಗಸರಿಂದ ಹಿಡಿದು ನಮ್ಮವರೆಗೆ ಎಲ್ಲರ ಅನ್ನ ಅದರಲ್ಲಿತ್ತು.

ಸಾಹೇಬರು ಇಬ್ಬರನ್ನೂ ಕರೆದು ಕೂರಿಸಿದರು. "ಇದಕ್ಕೊಂದು ದಾರಿ ಇಲ್ವಾ?"

ಒಂದು ದಾರಿ ಇದೆ ಎಂದೆ. ನಾವಿಬ್ಬರೂ ನೋಡಿರದ ಬೆಲೆಗಳ ಮೇಲೆ ಓಡಿಸಬೇಕು. ಈಚಿನ ವರ್ಷಗಳನ್ನು ದಿನಾ ಪತ್ರಿಕೆಯಲ್ಲಿ ನೋಡಿಕೊಂಡೇ ಬಂದಿದ್ದೇವೆ, ಅವು ಬೇಡ. ನಾವು ಈ ಕೆಲಸಕ್ಕೆ ಬರುವ ಮೊದಲಿನ ವರ್ಷಗಳು ಬೇಕು. ಅವನ್ನು ಮೂರನೆಯವರು ತರಬೇಕು, ನಿಯಮಗಳನ್ನು ಬರೆದು ಸಾಹೇಬರ ಕೈಗೆ ಕೊಡುವ ತನಕ ಯಾರೂ ನೋಡಕೂಡದು.

"ಮೂರನೆಯವರು ಯಾರು?" ಎಂದು ನಂಜೇಶ ಸಂಶಯದಿಂದ ಕೇಳಿದ.

ಸಾಹೇಬರು ನಮ್ಮ ಮನೆಯವರ ಹೆಸರು ಹೇಳಿದರು. ಬೇಸಿಗೆ ರಜೆ, ಹೇಗೂ ಮೈಸೂರಿನ ತಂಗಿಯ ಮನೆಗೆ ಹೊರಟಿದ್ದರು. ಅಲ್ಲಿಯ ದೊಡ್ಡ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ಬೈಂಡ್ ಮಾಡಿಸಿ ಇಟ್ಟಿದ್ದರು. ಚರಿತ್ರೆಯ ಮೇಷ್ಟ್ರಿಗೆ ಹಳೆಯ ಪತ್ರಿಕೆ ಕೊಟ್ಟರೆ ಬೇರೆ ಏನು ಬೇಕು?

ಅವರು ರಜೆಯನ್ನೆಲ್ಲ ಅಲ್ಲಿ ಕೂತು ಕಾಫಿ ಬೆಲೆ ನಕಲು ಮಾಡಿಕೊಂಡು ಬಂದರು. ಬಂದ ಮೇಲೆ ಶುರುವಾಯಿತು ನನ್ನ ಕಷ್ಟ. ನಮ್ಮ ಮನೆಯವರು ಹೊಟ್ಟೆಯಲ್ಲಿ ಮಾತು ಇಟ್ಟುಕೊಳ್ಳುವ ಜಾತಿಯಲ್ಲ. ಊಟಕ್ಕೆ ಕೂತಾಗ ಸಾರು ಕಲಸುತ್ತ, "ಪಾಪ, ಆ ಕಾಲದಲ್ಲಿ ಕಾಫಿಯವರು..." ಎಂದು ಬಾಯಿ ತೆರೆಯುತ್ತಿದ್ದರು.

"ರೀ, ಬೇಡ," ಎಂದು ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

"ಆಗಲಿ, ಹೇಳೋದಿಲ್ಲ. ಆದರೂ ಒಂದು ವರ್ಷ ಇತ್ತು ನೋಡು..."

"ರೀ!"

ಅವರು ಮುಖ ಸಪ್ಪೆ ಮಾಡಿಕೊಂಡರೆ ಬೆಲೆ ಬಿದ್ದಿರಬೇಕು, ಅರಳಿಸಿದರೆ ಏರಿರಬೇಕು ಎಂದು ನನ್ನ ಮನಸ್ಸು ತಾನಾಗಿ ಲೆಕ್ಕ ಹಾಕುತ್ತಿತ್ತು. ಹಾಗಾಗಿ ಆ ದಿನಗಳಲ್ಲಿ ಅವರಿಗೆ ಬಡಿಸಿ ನಾನು ಒಳಗೆ ಹೋಗಿ ಉಣ್ಣುತ್ತಿದ್ದೆ. ಅತ್ತೆಯವರು ಗಂಡ ಹೆಂಡಿರಿಗೆ ಏನೋ ಆಗಿದೆಯೆಂದು ಗಾಬರಿಯಾದರು. ನಂಜೇಶ ಇನ್ನೊಂದು ಕಡೆಯಿಂದ ಪ್ರಯತ್ನ ಮಾಡಿದ. ಮೇಷ್ಟ್ರನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಮಸಾಲೆ ದೋಸೆ ಕೊಡಿಸಿ ಕಾಫಿ ಬೆಲೆಯ ಮಾತು ತೆಗೆದನಂತೆ. ಅವರು ದೋಸೆ ತಿಂದು ಹೊಯ್ಸಳರ ಕಥೆ ಶುರು ಮಾಡಿದರಂತೆ. ಬಲ್ಲಾಳರಾಯನ ತನಕ ಕೇಳಿ ಎದ್ದು ಬಂದೆ ಎಂದು ಅವನೇ ಆಮೇಲೆ ಹೇಳಿದ. ಬೆಲೆಗಳನ್ನು ಮೇಷ್ಟ್ರು ಭಾನುವಾರಗಳಲ್ಲಿ ಸಾಹೇಬರ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕಂಪ್ಯೂಟರಿಗೆ ತುಂಬಿದರು.

ಓಡಿಸುವ ದಿನ ಮೂರು ನಿಯಮಗಳನ್ನು ಬರೆದು ಸಾಹೇಬರ ಮುಂದಿಟ್ಟೆವು. ಮೊದಲನೆಯದು ಒಡವೆಗಳ ಸಮೇತ ನಂಜೇಶನ ನಿಯಮ. ಎರಡನೆಯದು ಅವನದೇ ಹಳೆಯ ಬರಿಯ ಸರಾಸರಿಯ ನಿಯಮ. ಮೂರನೆಯದು ನನ್ನದು, ಅದರಲ್ಲಿ ಜಾಣತನವೇ ಇರಲಿಲ್ಲ: ಕಾಫಿ ಕೊಂಡಾಗಲೆಲ್ಲ ಅಷ್ಟೇ ವಾಯಿದೆ ಮಾರುವುದು, ಕಾಫಿ ಕಳಿಸಿದಾಗ ಬಿಡಿಸಿಕೊಳ್ಳುವುದು. ಪ್ರಿಂಟರ್ ಕರಕರ ಎನ್ನುತ್ತ ಹಾಳೆಗಳನ್ನು ಹೊರಗೆ ಬಿಡುತ್ತಿದ್ದರೆ ಸಾಹೇಬರು ಒಂದೊಂದೇ ಹರಿದು ಓದುತ್ತಿದ್ದರು. ನಂಜೇಶ ಕಿಟಕಿಯ ಹತ್ತಿರ ನಿಂತಿದ್ದ. ನನ್ನ ನಿಯಮವೂ ಬಿದ್ದುಹೋಗಬಹುದಿತ್ತು.

ಸಾಹೇಬರು ಲಾಭ ಎಷ್ಟು ಎಂದು ನೋಡಲೇ ಇಲ್ಲ. ಪ್ರತಿಯೊಂದರಲ್ಲೂ ಅತಿ ಕೆಟ್ಟ ವರ್ಷ ಎಷ್ಟು ಕೆಟ್ಟದಾಗಿತ್ತು ಎಂದು ಹುಡುಕಿದರು. ಒಡವೆ ಹಾಕಿದ ನಿಯಮ ಮೂರರ ಪೈಕಿ ತೀರಾ ಕೆಟ್ಟದಾಗಿ ಬಂದಿತ್ತು. ಒಂದು ವರ್ಷವಂತೂ ಮಂಡಿಯನ್ನೇ ಮುಳುಗಿಸುವಂಥದ್ದು. ಬರಿಯ ಸರಾಸರಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಕೊಂಡಾಗಲೆಲ್ಲ ಮಾರುವ ನಿಯಮದಲ್ಲಿ ಕುಣಿದಾಡುವಂಥ ವರ್ಷ ಒಂದೂ ಇರಲಿಲ್ಲ, ತಲೆ ಮೇಲೆ ಕೈ ಹೊತ್ತು ಕೂರುವಂಥದ್ದೂ ಇರಲಿಲ್ಲ.

"ಆಷಾಢ ಏನು ಹೇಳುತ್ತೆ?" ಎಂದು ಸಾಹೇಬರು ಕೇಳಿದರು.

ನೋಡಿ ಹೇಳಿದೆ. ಆ ಹಳೆಯ ವರ್ಷಗಳಲ್ಲಿ ಮಾರಿದ್ದರೆ ಎಲ್ಲಕ್ಕಿಂತ ಚೆನ್ನಾಗಿರುತ್ತಿದ್ದುದು ಆಷಾಢದಲ್ಲೇ.

ನಂಜೇಶ ಹೊರಗೆ ಹೋಗಿಬಿಟ್ಟ. ಇನ್ನು ಇವನು ಕೆಲಸ ಬಿಟ್ಟಾನು ಎಂದು ನನಗೆ ಅನ್ನಿಸಿತು. ಗೆದ್ದ ಖುಷಿ ಅಲ್ಲಿಗೇ ಇಳಿಯಿತು. ಸಂಜೆಯ ಹೊತ್ತಿಗೆ ಬಿಸಿ ಬೋಂಡಾದ ಪೊಟ್ಟಣ ಹಿಡಿದು ಬಂದು ನನ್ನ ಮೇಜಿನ ಮೇಲಿಟ್ಟ.

"ತಗೊಳ್ಳಿ ಮೇಡಂ. ಹೇಮಾವತಿ ಸೇತುವೆ ಮೇಲೆ ನಿಂತು ಯೋಚನೆ ಮಾಡ್ದೆ. ಆ ನಿಯಮದ ಮೇಲೆ ಮಂಡಿ ನಡೆಸಿದ್ರೆ ಏನ್ ಗತಿಯಾಗೋದು ಮಾರಾಯ್ರೇ! ಒಳ್ಳೇದೇ ಆಯ್ತು."

ಆಮೇಲೆ ಅವನಷ್ಟು ಕಟುವಾಗಿ ನಿಯಮಗಳನ್ನು ಪರೀಕ್ಷಿಸುವವರನ್ನು ನಾನು ನೋಡಲಿಲ್ಲ. ಯಾರಾದರೂ ಹೊಸ ಸೂತ್ರ ತಂದರೆ, "ಇದನ್ನ ಯಾವ ಬೆಲೆ ನೋಡ್ಕೊಂಡು ಹೊಲಿದ್ರಿ?" ಎನ್ನುವುದೇ ಅವನ ಮೊದಲ ಪ್ರಶ್ನೆ.

ಸಾಹೇಬರು ನನ್ನ ಪೆದ್ದು ನಿಯಮವನ್ನೇ ಹಿಡಿದರು. ಮಾರನಹಳ್ಳಿಯ ಧರ್ಮೇಗೌಡರೂ ಸೇರಿದಂತೆ ಹಲವು ಬೆಳೆಗಾರರು ಮುಂಚಿತವಾಗಿ ಬೆಲೆ ಗೊತ್ತು ಮಾಡಿಕೊಂಡರು; ಗೊತ್ತಾದ ದಿನವೇ ನಾವು ಅಷ್ಟು ಕಾಫಿಗೆ ವಾಯಿದೆ ಮಾರಿದೆವು. ಮೊದಲ ಸುಗ್ಗಿಯಲ್ಲಿ ಆದದ್ದೇನು? ಬೆಲೆ ಏರಿತು! ವಾಯಿದೆ ಮಾರದೆ ಸುಮ್ಮನೆ ಕಾಫಿ ಕೂಡಿಟ್ಟ ವ್ಯಾಪಾರಿಗಳು ಹೊಸ ಜೀಪು ತಂದರು. ಊರಿನಲ್ಲಿ ಸಾಹೇಬರನ್ನು ನೋಡಿ ನಗುವವರಾದರು. "ಲೆಕ್ಕದ ಮೇಡಂ ಮಾತು ಕೇಳಿ ಸಾಹೇಬ್ರು ಕೈಗೆ ಬಂದಿದ್ದು ಬುಟ್ರು" ಎನ್ನುವ ಮಾತು ನನ್ನ ಕಿವಿಗೂ ಬಿತ್ತು. ಸುಗ್ಗಿ ಮುಗಿದ ಮೇಲೆ ಸಾಹೇಬರು ನನ್ನನ್ನು ಕರೆದಾಗ ಬೈಸಿಕೊಳ್ಳಲು ಸಿದ್ಧಳಾಗಿಯೇ ಹೋದೆ.

"ಸರೋಜಮ್ಮಾ, ಹಳೇ ವರ್ಷಗಳಲ್ಲೂ ಇಂಥ ವರ್ಷ ಇದ್ವಲ್ಲಾ?"

"ಇದ್ದವು ಸಾಹೇಬ್ರೆ. ಬೆಲೆ ಏರಿದ ವರ್ಷ ನಮ್ಮ ನಿಯಮ ಹೀಗೇ ಪೆಚ್ಚಾಗಿ ಕಾಣೋದು."

"ಹಂಗಾದ್ರೆ ಹೊಸದೇನೂ ಆಗಿಲ್ಲ. ನಡೀಲಿ," ಎಂದರು. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಎದೆಗಾರಿಕೆ ಇದ್ದವರು ಕಡಿಮೆ. ಪರೀಕ್ಷೆಯನ್ನು ಒಪ್ಪಿಕೊಳ್ಳುವುದು ಸುಲಭ. ಊರೆಲ್ಲ ನಗುವಾಗ ಅದರ ಮೇಲೆ ನಿಲ್ಲುವುದಕ್ಕೆ ಗಟ್ಟಿ ಜನ ಬೇಕು.

ಅದರ ಮುಂದಿನ ಸುಗ್ಗಿಯಲ್ಲಿ ಬೆಲೆ ಬಿತ್ತು. ಸ್ವಲ್ಪ ಬಿದ್ದದ್ದಲ್ಲ, ವಾರ ವಾರಕ್ಕೂ ಇಳಿಯುತ್ತಲೇ ಹೋಯಿತು. ವಾಯಿದೆ ಮಾರದೆ ಮುಂಚಿತವಾಗಿ ಬೆಲೆ ಮಾತಾಡಿದ್ದ ಇನ್ನೊಬ್ಬ ವ್ಯಾಪಾರಿ ಬಾಗಿಲಿಗೆ ಬೀಗ ಹಾಕಿ ಊರು ಬಿಟ್ಟನೆಂದು ಸುದ್ದಿಯಾಯಿತು. ಅವತ್ತು ಮಧ್ಯಾಹ್ನವೇ ಧರ್ಮೇಗೌಡರು ಮಂಡಿಗೆ ಬಂದರು. ಅವರ ಕಣದಲ್ಲಿ ಇಡೀ ಬೆಳೆ ಒಣಗಿ ಚೀಲಕ್ಕೆ ತುಂಬಿ ಕೂತಿತ್ತು. ಎತ್ತರದ ಆಳು, ಯಾವಾಗಲೂ ಗಟ್ಟಿ ದನಿ. ಅವತ್ತು ಕುರ್ಚಿಯ ತುದಿಯಲ್ಲಿ ಕೂತು ಸಣ್ಣಗೆ ಮಾತಾಡಿದರು.

"ಸಾಹೇಬ್ರೆ, ಬೆಲೆ ಹಿಂಗಾಗ್ಬುಟ್ಟೈತೆ. ನೀವು ಹೇಳಿದ ಬೆಲೆ ಕೊಡಿ ಅಂತ ಕೇಳಕ್ಕೆ ನನಗೂ ಬಾಯಿ ಬರಲ್ಲ. ಅರ್ಧಕ್ಕಾದ್ರೂ ಒಂದು ಮಾತು ಮಾಡ್ಕೊಂಡು..."

"ಯಾಕೆ ಗೌಡ್ರೆ? ನಿಮ್ಮ ಕಾಫಿ ಒಣಗಿಲ್ವಾ?"

"ಒಣಗೈತೆ."

"ಮತ್ತೆ? ನಾಳೆ ಲಾರಿ ಬರುತ್ತೆ. ಹೇಳಿದ ಬೆಲೆ ಹೇಳಿದ್ದೇ."

ಗೌಡರು ಒಂದು ಕ್ಷಣ ಸಾಹೇಬರ ಮುಖವನ್ನೇ ನೋಡಿದರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಒಳಗೆ ನಂಜೇಶ ತಲೆ ತಗ್ಗಿಸಿ ಏನೋ ಬರೆಯುವವನಂತೆ ಮಾಡಿದ. ಹಾಳೆಗಳ ಮೇಲೆ ವರ್ಷಗಟ್ಟಲೆ ಓಡಿಸಿ ನೋಡಿದ್ದು ಒಬ್ಬ ಮನುಷ್ಯ ನಿರಾಳವಾಗಿ ಉಸಿರು ಬಿಡುವುದಾಗಿ ಎದುರಿಗೆ ಬಂದು ಕೂತಿತ್ತು.

ಕಾಫಿ ಕುಡಿದ ಮೇಲೆ ಗೌಡರಿಗೆ ಅವರ ದನಿ ವಾಪಸು ಬಂತು. "ಅಲ್ಲ ಸಾಹೇಬ್ರೆ, ಬೆಲೆ ಬೀಳ್ತದೆ ಅಂತ ನಿಮಗೆ ಯಾರು ಹೇಳಿದ್ರು?"

ಸಾಹೇಬರು ನನ್ನನ್ನು ತೋರಿಸಿದರು. ನಾನು ಗಾಬರಿಯಾಗಿ, "ಯಾರೂ ಹೇಳಲಿಲ್ಲ ಗೌಡ್ರೆ. ಬೀಳುತ್ತೆ ಅಂತ ನಮಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಅಂತಲೇ ವಾಯಿದೆ ಮಾರಿದ್ದು. ಏರಿದ ವರ್ಷವೂ ಮಾರಿದ್ವಲ್ಲಾ," ಎಂದು ಬಿಡಿಸಿ ಹೇಳಿದೆ. ಗೌಡರು ತಲೆಯಾಡಿಸುತ್ತ ಎಲ್ಲ ಕೇಳಿ, ಎದ್ದು ನಿಂತು, ಗುಟ್ಟು ತಿಳಿದವರಂತೆ ನಕ್ಕು, "ಆಯ್ತು ಕಣಮ್ಮ, ಆಯ್ತು," ಎಂದು ಹೋದರು.

ಘಾಟಿಯ ತಲೆಯವರೆಗೂ ದಾರಿಯಲ್ಲಿ ಸಿಕ್ಕವರಿಗೆಲ್ಲ ಅವರು ಏನು ಹೇಳಿಕೊಂಡು ಹೋದರೋ ದೇವರಿಗೇ ಗೊತ್ತು. ಮರುದಿನದಿಂದ ಮಂಡಿಯ ಮುಂದೆ ಜೀಪುಗಳು ನಿಲ್ಲತೊಡಗಿದವು. ಒಬ್ಬರು ಮೆಣಸು ಇಟ್ಟುಕೊಳ್ಳಬೇಕೋ ಕೊಡಬೇಕೋ ಎಂದು ಕೇಳಿದರು. ಇನ್ನೊಬ್ಬರು ಏಲಕ್ಕಿಯದು ಕೇಳಿದರು. ಆಲೂರು ಕಡೆಯಿಂದ ಬಂದ ಒಬ್ಬರು ಶುಂಠಿಯನ್ನು ಈ ತಿಂಗಳೇ ಕಿತ್ತರೆ ಹೇಗೆ ಎಂದು ವಿಚಾರಿಸಿದರು. ನಮಗೆ ಗೊತ್ತಿಲ್ಲ ಎಂದಷ್ಟೂ ಅವರಿಗೆ ನಂಬಿಕೆ ಹೆಚ್ಚುತ್ತಿತ್ತು. ಬೇಸತ್ತ ನಂಜೇಶ 'ಮುಂದಿನ ಬೆಲೆ ಇಲ್ಲಿ ಯಾರಿಗೂ ಗೊತ್ತಿಲ್ಲ' ಎಂದು ಬೋರ್ಡು ಬರೆದು ಬಾಗಿಲಿಗೆ ನೇತು ಹಾಕಿದ. ಮಾರನೆಯ ದಿನ ಜನ ಇನ್ನೂ ಹೆಚ್ಚಾದರು. "ಗೊತ್ತಿರೋದಕ್ಕೇ ಅಲ್ವೇನ್ರೋ ಬೋರ್ಡ್ ಹಾಕಿರೋದು!" ಎಂದು ಹೊರಗೆ ಯಾರೋ ಹೇಳುತ್ತಿದ್ದುದು ಒಳಗೆ ಕೇಳಿಸಿತು. ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕು ಬೋರ್ಡು ತೆಗೆಸಿದರು.

ಬಂದವರನ್ನೆಲ್ಲ ಕೂರಿಸಿ ನಾನು ಒಂದೇ ಮಾತು ಕೇಳತೊಡಗಿದೆ: ಬೆಲೆ ಎಲ್ಲಿಯವರೆಗೆ ಬಿದ್ದರೆ ನೀವು ತಡೆದುಕೊಳ್ಳಬಲ್ಲಿರಿ? ಅದನ್ನು ಯೋಚಿಸಿ, ಬೆಳೆಯಲ್ಲಿ ಸ್ವಲ್ಪಕ್ಕಾದರೂ ಈಗಲೇ ಬೆಲೆ ಗೊತ್ತು ಮಾಡಿಕೊಳ್ಳಿ. ಭವಿಷ್ಯ ಕೇಳಲು ಬಂದವರಿಗೆ ಇದು ರುಚಿಸಲಿಲ್ಲ. ಕೆಲವರು ಮಾತ್ರ ಹಾಗೆ ಮಾಡಿದರು, ಮಾಡಿದವರು ಪ್ರತಿ ವರ್ಷ ಬಂದರು.

ಒಬ್ಬರಂತೂ ಕೈಚೀಲದಿಂದ ಮಗಳ ಜಾತಕವನ್ನೇ ತೆಗೆದು ನನ್ನ ಮುಂದೆ ಹರಡಿದರು. ಗಂಡಿನದೂ ಇತ್ತು. ಹೊಂದುತ್ತದೆಯೇ ನೋಡಿ ಹೇಳಬೇಕಂತೆ. ನಾನು ಕೈ ಮುಗಿದೆ. ಅವರ ಮುಖ ಬಾಡಿದ್ದನ್ನು ನೋಡಲಾರದೆ ನಂಜೇಶ ಎರಡೂ ಜಾತಕಗಳನ್ನು ತೆಗೆದುಕೊಂಡು, ಸರಾಸರಿ ನೋಡುವವನ ಗಾಂಭೀರ್ಯದಲ್ಲಿ ಮೇಲಿಂದ ಕೆಳಗೆ ಕಣ್ಣಾಡಿಸಿ, "ಭಾಳ ಚೆನ್ನಾಗೈತೆ, ಮಾಡ್ಬುಡಿ," ಎಂದ.

ಮದುವೆಯಾಯಿತು. ಮಂಡಿಯವರೆಲ್ಲ ಹೋಗಿ ಊಟ ಮಾಡಿ ಬಂದೆವು. ಆ ಹುಡುಗ ಹುಡುಗಿ ಇವತ್ತಿಗೂ ಅನ್ಯೋನ್ಯವಾಗಿದ್ದಾರೆ, ಮಕ್ಕಳೂ ದೊಡ್ಡವರಾಗಿದ್ದಾರೆ. ಎಲ್ಲಾದರೂ ಸಿಕ್ಕಾಗ ನಂಜೇಶ ಅವರತ್ತ ಕೈ ತೋರಿಸಿ, "ನೋಡಿದ್ರಾ ಮೇಡಂ ನನ್ನ ಲೆಕ್ಕಾನ?" ಎನ್ನುತ್ತಾನೆ. ಒಂದೇ ಒಂದು ಉದಾಹರಣೆಯಿಂದ ಏನನ್ನೂ ಹೇಳಲು ಬರುವುದಿಲ್ಲ ಎಂದು ನಾನು ಅವನಿಗೆ ಪ್ರತಿ ಸಲವೂ ಹೇಳುತ್ತೇನೆ.